ಗೋಡೆಯ ಒಳಗೋ ಹೊರಗೋ

ನನ್ನ ಗಂಡ ಟೆಗಿಡ್‌ನ ಪ್ರಕಾರ ಜಗತ್ತಿನಲ್ಲಿ ಎರಡೇ ಜಾತಿಯ ಜನ. ವೇಲ್ಸ್ ನಾಡಿನ ನಮ್ಮ ಕಾನ್ವಿಯ ಊರಗೋಡೆಯ ಒಳಗೆ ಹುಟ್ಟಿದವರು, ಮತ್ತು ಹುಟ್ಟದವರು. ಮೊದಲನೆಯವರಿಗೆ ನಮ್ಮೂರಲ್ಲಿ ಕೋಟೆಕಾಗೆಗಳು ಎಂದು ಹೆಸರು. ಬುರುಜುಗಳ ಸಂದಿಗೊಂದಿಯಲ್ಲಿ ಗೂಡು ಕಟ್ಟಿಕೊಂಡು, ಬೂದು ಕತ್ತು ಕೊಂಕಿಸಿ, ದಿನವಿಡೀ ನಮ್ಮ ತಲೆಯ ಮೇಲೆ ಗಲಾಟೆ ಮಾಡುವ ಸಣ್ಣ ಕಾಗೆಗಳಿವೆಯಲ್ಲ, ಅವುಗಳ ಹೆಸರನ್ನೇ ಇವರು ಹೆಮ್ಮೆಯಿಂದ ಇಟ್ಟುಕೊಂಡಿದ್ದಾರೆ. ಗಲಾಟೆಯ ವಿಷಯದಲ್ಲಂತೂ ಹೆಸರು ಸರಿಯಾಗಿಯೇ ಒಪ್ಪುತ್ತದೆ. ಎರಡನೆಯ ಜಾತಿಯಲ್ಲಿ ಜಗತ್ತಿನ ಎಲ್ಲ ರಾಜಮಹಾರಾಜರೂ ನಾನೂ ಬರುತ್ತೇವೆ.

ನಾನು ಬ್ಲೈನೈ ಕಡೆಯವಳು, ಕಲ್ಲುಗಣಿಯ ಊರಿನವಳು. ಮದುವೆಯಾಗಿ ಈ ಗೋಡೆಯೊಳಗೆ ಬಂದು ನಲವತ್ತು ವರ್ಷದ ಮೇಲಾಯಿತು. ದೊಡ್ಡ ಬೀದಿಯ ಬೇಕರಿಯಲ್ಲಿ ನಿಂತು ಅರ್ಧ ಊರಿಗೆ ಬ್ರೆಡ್ಡು ಮಾರಿದ್ದೇನೆ. ಆದರೂ ಬಂದರಿನ ಬೆಂಚಿನ ಮೇಲೆ ಕೂತ ಮುದುಕರಿಗೆ ನಾನು ಇಂದಿಗೂ ಟೆಗಿಡ್ ಹೊರಗಿನಿಂದ ತಂದ ಹೆಂಡತಿ. ನಾನೂ ಬಿಡುವವಳಲ್ಲ.

"ಈ ಗೋಡೆ ಕಟ್ಟಿಸಿದ್ದು ಯಾರು? ಇಂಗ್ಲೆಂಡಿನ ದೊರೆ. ಯಾಕೆ ಕಟ್ಟಿಸಿದ? ನಮ್ಮಂಥ ವೆಲ್ಷ್ ಜನ ಒಳಗೆ ಕಾಲಿಡಬಾರ್ದು ಅಂತ. ನಿಮ್ಮ ಮುತ್ತಜ್ಜಂದಿರನ್ನ ಆಚೆ ನಿಲ್ಲಿಸಿದ ಗೋಡೆ ಅದು. ಈಗ ಅದರೊಳಗೆ ಹುಟ್ಟಿದ್ವಿ ಅಂತ ಮೀಸೆ ತಿರುವ್ತೀರಲ್ಲ, ನಾಚಿಕೆ ಆಗಲ್ವಾ?"

ಇದಕ್ಕೆ ಎಮ್ರಿಸ್ ಬಳಿ ಉತ್ತರ ಸಿದ್ಧವಿರುತ್ತದೆ. ಅವನೂ ನನ್ನ ಗಂಡನೂ ಒಂದೇ ದೋಣಿಯಲ್ಲಿ ನಿಂತು, ಉದ್ದನೆಯ ಕುಂಟೆಗಳಿಂದ ನದಿಯ ತಳ ಕೆರೆದು ಚಿಪ್ಪುಮೀನು ಎತ್ತುತ್ತ ಮುದುಕರಾದವರು. "ಅದಕ್ಕೇ ಅಲ್ವೇನಮ್ಮ ಮಾರ್ಗೆಡ್," ಎನ್ನುತ್ತಾನೆ. "ಬೇಡ ಅಂದೋನ ಮನೇಲೇ ಹುಟ್ಟಿ ತೋರಿಸಿದ್ವಲ್ಲ, ಅದೇ ನಮ್ಮ ಗೆಲುವು."

ಟೆಗಿಡ್‌ನ ಮನೆತನದಲ್ಲಿ ನೆನಪಿರುವಷ್ಟು ಹಿಂದಿನಿಂದಲೂ ಎಲ್ಲರೂ ಗೋಡೆಯೊಳಗೇ ಹುಟ್ಟಿದವರು. ಆ ಸರಪಳಿ ಕಡಿದದ್ದು ನಮ್ಮ ಮಗಳು ಹೆಲೆದ್ ಹುಟ್ಟುವಾಗ. ಕೊನೆಯ ವಾರದಲ್ಲಿ ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ಡಾಕ್ಟರು ನನ್ನನ್ನು ಪಕ್ಕದ ಪಟ್ಟಣ ಬ್ಯಾಂಗರಿನ ಆಸ್ಪತ್ರೆಗೆ ಕಳಿಸಿದರು. ಟೆಗಿಡ್ ಅದಕ್ಕೆ ಒಂದು ಮಾತೂ ಆಡಲಿಲ್ಲ. ಆದರೆ ಮಗುವನ್ನು ಮನೆಗೆ ತಂದ ದಿನದಿಂದಲೇ 'ನಮ್ಮ ಬ್ಯಾಂಗರಿನ ಹುಡುಗಿ' ಎನ್ನತೊಡಗಿದ. ತಮಾಷೆಗೇ. ಅವಳೂ ಚಿಕ್ಕಂದಿನಲ್ಲಿ ಕಿಲಕಿಲ ನಗುತ್ತಿದ್ದಳು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಯಾವಾಗಲೋ ನಗುವುದನ್ನು ನಿಲ್ಲಿಸಿದಳು. ಅವನಿಗೆ ಅದು ಗೊತ್ತಾಗಲಿಲ್ಲ. ತಮ್ಮ ತಮಾಷೆ ಯಾವಾಗ ಹಳಸಿತು ಎಂದು ಗಂಡಸರಿಗೆ ಎಲ್ಲಿ ಗೊತ್ತಾಗುತ್ತದೆ?

ಹೋದ ಆಗಸ್ಟಿನಲ್ಲಿ ಹೆಲೆದ್ ತುಂಬಿದ ಹೊಟ್ಟೆ ಹೊತ್ತು, ಗಂಡ ಯೋಲೊನ ಜೊತೆ ನದಿಯಾಚೆಯ ಡೆಗಾನ್ವಿಯಿಂದ ಭಾನುವಾರದ ಊಟಕ್ಕೆ ಬಂದಳು. ಬಂದವಳೇ, "ಹೆರಿಗೆ ಈ ಮನೇಲೇ ಮಾಡ್ಕೋತೀನಿ. ಸೂಲಗಿತ್ತಿ ಗ್ವೆನ್‌ಲಿಯನ್ ಬಂದು ನೋಡ್ಕೋತೀನಿ ಅಂದಿದಾರೆ," ಎಂದಳು. ನಮ್ಮ ಮನೆ ಚಾಪೆಲ್ ಬೀದಿಯಲ್ಲಿ, ಗೋಡೆಯ ಮಗ್ಗುಲಲ್ಲೇ ಇದೆ. ಈಚೆಗೆ ಎಲ್ಲರೂ ಆಸ್ಪತ್ರೆಯಲ್ಲೇ ಹೆರುವುದರಿಂದ ಊರೊಳಗೆ ಮಗು ಅತ್ತದ್ದನ್ನು ಕೇಳಿ ಎಷ್ಟೋ ಕಾಲವಾಗಿತ್ತು. ಟೆಗಿಡ್ ಅರ್ಧ ಊಟಕ್ಕೆ ಎದ್ದು ಹಿತ್ತಲಿಗೆ ಹೋದ. ಬರುವಾಗ ಕಣ್ಣು ಕೆಂಪಾಗಿತ್ತು. ಈರುಳ್ಳಿ ಕೊಯ್ಯುತ್ತಿದ್ದೆ ಎಂದ. ನಮ್ಮ ಹಿತ್ತಲಲ್ಲಿ ಈರುಳ್ಳಿ ಇರಲಿಲ್ಲ.

ಪಾತ್ರೆ ತೊಳೆಯುವಾಗ ನಾನು ಮಗಳನ್ನು ಹಿಡಿದುಕೊಂಡೆ. "ಯಾರಿಗೋಸ್ಕರ ಕಣೇ ಇದೆಲ್ಲ?"

"ಅಪ್ಪಂಗೋಸ್ಕರ."

"ನಿಮ್ಮಪ್ಪಂಗೆ ಹುಚ್ಚು. ನಿಂಗೂ ಹಿಡೀತಾ?"

"ನಾನಂತೂ ಕೋಟೆಕಾಗೆ ಆಗ್ಲಿಲ್ಲಮ್ಮ," ಎಂದಳು ತಟ್ಟೆ ಒರೆಸುತ್ತ. "ನನ್ನ ಮಗುನಾದ್ರೂ ಆಗ್ಲಿ. ಆಗ ಅವರಿಗೆ ಒಂದು ಸಮಾಧಾನ."

ನನಗೆ ಕೋಪ ಬಂತು, ದುಃಖವೂ ಬಂತು. ಮೂವತ್ತು ದಾಟಿದ ಹೆಂಗಸು, ಕೈಕೆಳಗೆ ನಾಲ್ಕು ಜನ ಕೆಲಸ ಮಾಡುವ ಆಫೀಸಿನ ಮುಖ್ಯಸ್ಥೆ, ಹುಟ್ಟಿದ ಜಾಗಕ್ಕಾಗಿ ಅಪ್ಪನ ಮುಂದೆ ತಪ್ಪಿತಸ್ಥಳ ಹಾಗೆ ನಿಂತಿದ್ದಳು. ಮಗು ಗೋಡೆಯೊಳಗೆ ಹುಟ್ಟಲಿ ಬಿಡಲಿ, ಇವಳ ಮನಸ್ಸಿನ ಮುಳ್ಳು ತೆಗೆಯುವವರು ಯಾರು ಎಂಬುದೇ ನನ್ನ ಚಿಂತೆಯಾಯಿತು.

ದಿನ ತುಂಬಿತು, ಮಗು ಮಾತ್ರ ಅಲ್ಲಾಡಲಿಲ್ಲ. ಗ್ವೆನ್‌ಲಿಯನ್ ಹೊಟ್ಟೆ ಮುಟ್ಟಿ ನೋಡಿ, "ಎಲ್ಲ ಚೆನ್ನಾಗಿದೆ. ನಡೀಬೇಕು, ಮೆಟ್ಟಿಲು ಹತ್ತಬೇಕು, ಅಷ್ಟೇ ಔಷಧಿ," ಎಂದಳು. ಮೆಟ್ಟಿಲಿಗೆ ನಮ್ಮೂರಲ್ಲಿ ಬರವೇ? ಅಪ್ಪ ಮಗಳು ದಿನಾ ಬೆಳಿಗ್ಗೆ ಹೊರಟರು. ಹೆದರಿಕೆಗೆ ನಾನೂ ಹಿಂದೆ ಹಿಂದೆ ಹೋದೆ. ಈ ಊರಿನಲ್ಲೇ ಮುದುಕಿಯಾಗಿ ಊರನ್ನು ಸರಿಯಾಗಿ ಸುತ್ತಿದ್ದು ಆ ವಾರವೇ.

ಊರಗೋಡೆಯ ಮೇಲ್ಬಾಗಿಲ ಹತ್ತಿರ ಹತ್ತಿ ಗೋಡೆಯ ನೆತ್ತಿಯ ಮೇಲೆ ನಡೆದೆವು. ಒಂದು ಕಡೆ ಮನೆಗಳ ಹಿತ್ತಲು, ಒಣಗಲು ಹಾಕಿದ ಬಟ್ಟೆ, ಬೆಕ್ಕುಗಳು. ಇನ್ನೊಂದು ಕಡೆ ಹೊಲ, ಕುರಿಗಳು. ತುದಿಯ ಕಾವಲು ಬುರುಜಿನಿಂದ ನೋಡಿದರೆ ಇಡೀ ಊರು, ಕೋಟೆ, ಹೊಳೆಯುವ ನದೀಮುಖ. ಕೆಳಗಿನಿಂದ ಯಾರಾದರೂ ಕೂಗುತ್ತಿದ್ದರು: "ಇನ್ನೂ ಇಲ್ವಾ ಹೆಲೆದ್?" ಇವಳು ಎರಡೂ ಕೈಯಿಂದ ಹೊಟ್ಟೆ ತೋರಿಸಿ, "ನೀವೇ ಕೇಳಿ ಇದನ್ನ!" ಎಂದು ಕೂಗುತ್ತಿದ್ದಳು. ದಕ್ಷಿಣದ ಗೋಡೆಗೆ ಬಂದಾಗ ಅವಳಿಗೆ ಪ್ರತಿ ಸಲವೂ ಅವಸರ. ಅಲ್ಲಿ ಗೋಡೆಯಿಂದ ಆಚೆಗೆ ಚಾಚಿಕೊಂಡ ಕಲ್ಲಿನ ಪಾಯಿಖಾನೆಗಳು ಸಾಲಾಗಿ ಹನ್ನೆರಡು ಇವೆ, ದೊರೆಯ ಗುಮಾಸ್ತರಿಗಾಗಿ ಕಟ್ಟಿಸಿದ್ದು. "ಹನ್ನೆರಡು ಇವೆ ಕಣಮ್ಮ, ಒಂದಾದ್ರೂ ಉಪಯೋಗಕ್ಕಿದ್ಯಾ?" ಎಂದು ಕಾಲು ಕೂಡಿಸಿಕೊಂಡು ನಗುತ್ತಿದ್ದಳು.

ಪ್ಲಾಸ್ ಮೌರ್ ಮಹಲಿನ ಸುರುಳಿ ಮೆಟ್ಟಿಲನ್ನು ಟಿಕೇಟಿನ ಹೆಂಗಸು ಇವಳಿಗೆ ಪುಕ್ಕಟೆ ಹತ್ತಲು ಬಿಟ್ಟಳು. ಮೇಲೆ ಹೋಗಿ, ಗಾರೆಯ ಚಿತ್ತಾರದ ಚಾವಣಿಯ ಕೆಳಗೆ ಏದುಸಿರು ಬಿಡುತ್ತ ನಿಂತರೆ ಮಗು ಒಂದು ಒದೆ ಕೊಡುವುದು, ಮತ್ತೆ ಮಲಗುವುದು. ಸೇಂಟ್ ಮೇರಿ ಇಗರ್ಜಿಯಲ್ಲಿ ಒಂದು ಸಮಾಧಿಯಿದೆ. ಅದರೊಳಗಿರುವವನು ತನ್ನ ಅಪ್ಪನ ನಲವತ್ತೊಂದನೆಯ ಮಗು, ತಾನೇ ಇಪ್ಪತ್ತೇಳು ಮಕ್ಕಳ ತಂದೆ ಎಂದು ಕಲ್ಲಿನ ಮೇಲೆ ಕೆತ್ತಿದೆ. ಹೆಲೆದ್ ಆ ಕಲ್ಲು ಸವರಿ, "ಅಯ್ಯಾ ಪುಣ್ಯಾತ್ಮ, ನಂಗೆ ಒಂದೇ ಸಾಕು, ಇವತ್ತೇ ಸಾಕು," ಎಂದು ಕೈ ಮುಗಿದಳು. ಅಲ್ಲಿ ಹೂ ಜೋಡಿಸುತ್ತಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಇಷ್ಟೆಲ್ಲ ಸುತ್ತಿದರೂ ಟೆಗಿಡ್ ಅವಳನ್ನು ಗೋಡೆಯಿಂದ ಆಚೆ ಮಾತ್ರ ಬಿಡಲಿಲ್ಲ. ಬಂದರು ಗೋಡೆಯ ಆಚೆ. ಬ್ರಿಟನ್ನಿನಲ್ಲೇ ಚಿಕ್ಕದು ಎಂದು ಜನ ನೋಡಲು ಬರುವ, ಅಲ್ಲಿನ ಬೆಂಕಿಪೊಟ್ಟಣದಂಥ ಕೆಂಪು ಮನೆಯೂ ಆಚೆ. ಒಂದು ದಿನ ಇವಳಿಗೆ ಬಂದರಿನ ಅಂಗಡಿಯ ಕರಿದ ಆಲೂಗಡ್ಡೆ ತಿನ್ನಲೇಬೇಕು ಎನ್ನಿಸಿತು. ಟೆಗಿಡ್ ಅವಳನ್ನು ಕೆಳಬಾಗಿಲ ಕಮಾನಿನ ಒಳಗೆ ನಿಲ್ಲಿಸಿ, "ಇಲ್ಲಿಂದ ಒಂದು ಹೆಜ್ಜೆ ಆಚೆ ಇಟ್ರೆ ನೋಡು! ನೋವು ಬಂದ್ರೂ ಒಳಕ್ಕೇ ಓಡ್ಬೇಕು," ಎಂದು ಹೇಳಿ ತಾನೇ ಓಡಿಹೋಗಿ ಪೊಟ್ಟಣ ತಂದ. ಕೋಟೆಗೂ ಹೋಗುವಂತಿರಲಿಲ್ಲ. ಕೋಟೆಯೂ ಊರಗೋಡೆಯ ಒಳಗಿನ ಲೆಕ್ಕವೋ ಅಲ್ಲವೋ ಎಂದು ಬೆಂಚಿನ ಮುದುಕರಲ್ಲಿ ಹಳೆಯ ವ್ಯಾಜ್ಯವಿತ್ತು.

"ಬೇಲಿ ದಾಟದ ಹಾಗೆ ಹಸು ಕಾಯ್ತಿದೀಯಾ?" ಎಂದೆ ನಾನು.

"ನಿಂಗೆ ಗೊತ್ತಾಗಲ್ಲ ಬಿಡು. ಹೊರಗಿನೋಳು."

ನೋವು ಶುರುವಾದದ್ದು ಜೇನು ಸಂತೆಯ ದಿನ. ಆವತ್ತು ಸುತ್ತಲಿನ ಜೇನು ಸಾಕುವವರೆಲ್ಲ ಸೀಸೆ ಹೊತ್ತು ಬಂದು ದೊಡ್ಡ ಬೀದಿಯಲ್ಲಿ ಮೇಜು ಹಾಕುತ್ತಾರೆ. ಕಾಲಿಡಲು ಜಾಗವಿರುವುದಿಲ್ಲ. ಹೆಲೆದ್ ಹೀದರ್ ಹೂವಿನ ಜೇನನ್ನು ಬೆರಳಿನಿಂದ ನೆಕ್ಕುತ್ತಿದ್ದವಳು ಹಾಗೇ ಬಾಗಿ ಮೇಜು ಹಿಡಿದುಕೊಂಡಳು. ಜೇನಿನವಳು "ಬಂತು!" ಎಂದು ಕಿರುಚಿದ್ದೇ ತಡ, ಸಂತೆಯೆಲ್ಲ ಇಬ್ಭಾಗವಾಗಿ ದಾರಿ ಬಿಟ್ಟಿತು. ನಾವು ಚಪ್ಪಾಳೆಯ ನಡುವೆ ಮನೆ ಸೇರಿದೆವು. ಮದುವಣಗಿತ್ತಿಗೂ ಅಷ್ಟು ಮರ್ಯಾದೆ ಸಿಗುವುದಿಲ್ಲ.

ಗ್ವೆನ್‌ಲಿಯನ್ ಬಂದಳು. ಯೋಲೊ ನೀರು ಕಾಯಿಸಿದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಎಮ್ರಿಸ್ ಮತ್ತು ಬೆಂಚಿನ ಗುಂಪು ನಮ್ಮ ಬಾಗಿಲಲ್ಲಿ ಬೀಡುಬಿಟ್ಟಿತು. ಎರಡು ಮೂರು ಗಂಟೆ ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ನೋವು ನಿಧಾನವಾಯಿತು. ಗ್ವೆನ್‌ಲಿಯನ್ ಹೊಟ್ಟೆಯ ಮೇಲೆ ಯಂತ್ರ ಒತ್ತಿ ಮಗುವಿನ ಎದೆಬಡಿತ ಕೇಳಿದಳು. ಮತ್ತೆ ಕೇಳಿದಳು. ಅವಳ ಮುಖ ನೋಡಿ ನಾನು ಮಗಳ ಕೈ ಹಿಡಿದುಕೊಂಡೆ.

"ಗಾಬರಿ ಏನಿಲ್ಲ," ಎಂದಳು. "ಬಡಿತ ಆಗಾಗ ಸ್ವಲ್ಪ ಇಳೀತಿದೆ. ನಂಗೆ ಇಲ್ಲಿ ಕೂತು ನೋಡೋಕೆ ಇಷ್ಟ ಇಲ್ಲ. ಬ್ಯಾಂಗರಿಗೆ ಹೋಗೋದು ಒಳ್ಳೇದು. ಆಂಬುಲೆನ್ಸಿಗೆ ಹೇಳ್ತೀನಿ."

ಎಲ್ಲರೂ ಟೆಗಿಡ್‌ನ ಮುಖ ನೋಡಿದರು. ಹೆಲೆದ್ ಗಳಗಳ ಅಳಲು ಶುರುಮಾಡಿದಳು. "ಅಪ್ಪಾ, ಇನ್ನೊಂದು ಸ್ವಲ್ಪ ಹೊತ್ತು ನೋಡೋಣ್ವಾ? ನಾನು ತಡ್ಕೋತೀನಿ. ನಿಜವಾಗ್ಲೂ ತಡ್ಕೋತೀನಿ."

ಅವನು ಒಪ್ಪಿಬಿಡುತ್ತಾನೆ ಎಂದು ನಾನು ಬೈಗುಳ ಬಾಯಿತುದಿಗೆ ತಂದುಕೊಂಡು ನಿಂತಿದ್ದೆ. ಟೆಗಿಡ್ ಮಂಚದ ಬಳಿ ಮೊಣಕಾಲೂರಿ ಕೂತು ಅವಳ ಕೂದಲು ಸರಿಮಾಡಿದ.

"ಗೋಡೆ ಎಲ್ಲಿಗೆ ಓಡಿಹೋಗತ್ತೆ ಕೂಸೇ? ಅದು ಕಲ್ಲು. ಏಳ್ನೂರು ವರ್ಷದಿಂದ ಅಲ್ಲೇ ಬಿದ್ದಿದೆ." ಎದ್ದು ನಿಂತು ನಮ್ಮ ಮೇಲೆ ಹರಿಹಾಯ್ದ: "ಏನು ನೋಡ್ತಾ ನಿಂತಿದೀರಿ ಎಲ್ಲಾ? ಕಂಬಳಿ ತನ್ನಿ! ಎಮ್ರಿಸ್, ಬೀದಿ ಖಾಲಿ ಮಾಡಿಸೋ!"

ನನ್ನ ಬೈಗುಳವೆಲ್ಲ ಹಾಗೇ ಉಳಿಯಿತು. ಬದಲಿಗೆ ಅವನಿಗೆ ಒಂದು ಮುತ್ತು ಕೊಡಬೇಕೆನ್ನಿಸಿತು. ಸಮಯವಿರಲಿಲ್ಲ.

ಆಂಬುಲೆನ್ಸ್ ಬಂತು. ಹೆಲೆದ್‌ಳನ್ನು ಮಲಗಿಸಿ ಒಳಗೆ ಹತ್ತಿಸಿದರು, ತಲೆ ಮುಂದೆ, ಕಾಲು ಹಿಂದೆ. ಗ್ವೆನ್‌ಲಿಯನ್, ಯೋಲೊ ಮತ್ತು ನಾನು ಜೊತೆಗೆ ತುರುಕಿಕೊಂಡೆವು. ಸಂತೆಯ ಜನ ಬೀದಿ ತುಂಬ ಚೆಲ್ಲಿದ್ದರು. ಟೆಗಿಡ್ ಗಾಡಿಯ ಮುಂದೆ ಓಡತೊಡಗಿದ. ಎಪ್ಪತ್ತು ದಾಟಿದ ಮನುಷ್ಯ, ಕೆಟ್ಟ ಮಂಡಿ, ಮೈಮೇಲೆ ಮನೆಯ ಏಪ್ರನ್. ನದಿಯ ಆ ದಡಕ್ಕೆ ಕೇಳುವ ಗಂಟಲಿನಲ್ಲಿ, "ದಾರಿ ಬಿಡಿ! ನನ್ನ ಮಗಳು ಹೊರಗೆ ಹೋಗ್ಬೇಕು! ಹೊರಗೆ!" ಎಂದು ಕೂಗುತ್ತಿದ್ದ. ಆ ಬಾಯಲ್ಲಿ ಅಂಥ ಮಾತು ಕೇಳುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಊರಗೋಡೆಯನ್ನು ದಾಟುವ ಬ್ಯಾಂಗರ್ ರಸ್ತೆಯ ಕಮಾನು ತಲುಪಿದೆವು. ಗಾಡಿಯ ಮೂತಿ ಆಚೆ ಹೋಯಿತು, ಅಷ್ಟಕ್ಕೇ ನಿಂತಿತು. ಎದುರಿನಿಂದ ಯಾರೋ ಪ್ರವಾಸಿ, ಕಾರಿನ ಹಿಂದೆ ಮನೆಯಷ್ಟು ದೊಡ್ಡ ಡಬ್ಬಿ ಗಾಡಿ ಕಟ್ಟಿಕೊಂಡು ಒಳಗೆ ಬರಲು ಹೊರಟಿದ್ದ. ಅವನಿಗೆ ಹಿಂದೆ ಹೋಗಲು ಬರುತ್ತಿರಲಿಲ್ಲ. ಒಂದು ಕಡೆ ತಿರುಗಿಸಿದರೆ ಡಬ್ಬಿ ಇನ್ನೊಂದು ಕಡೆ ಹೋಗುತ್ತಿತ್ತು. ಟೆಗಿಡ್ ಕಾರಿನ ಕಿಟಕಿ ಬಡಿಯುತ್ತಿದ್ದ. ಯೋಲೊ ಮುಂದಿನ ಬಾಗಿಲಿಂದ ಇಳಿದು ಡಬ್ಬಿ ತಳ್ಳಲು ಓಡಿದ. ನಾವು ಹಿಂದೆಯೂ ಹೋಗುವಂತಿರಲಿಲ್ಲ; ಸಂತೆಯ ಅರ್ಧ ಜನ ನಮ್ಮ ಬೆನ್ನಿಗೆ ಬಂದು ನಿಂತಿದ್ದರು.

ಕಲ್ಲುಹಾಸಿನ ಬೀದಿಯ ಕುಲುಕಾಟ ಏನು ಮಾಡಿತೋ, ಹೆಲೆದ್ ನನ್ನ ಕೈಯನ್ನು ಮುರಿಯುವಷ್ಟು ಅದುಮಿದಳು. "ಅಮ್ಮಾ, ಬರ್ತಿದೆ!"

ಗ್ವೆನ್‌ಲಿಯನ್ ಯಂತ್ರ ಒತ್ತಿ ಕೇಳಿದಳು. ಈ ಸಲ ಅವಳ ಮುಖ ಅರಳಿತು. "ಬಡಿತ ಗಟ್ಟಿಯಾಗಿದೆ. ಬರ್ಲಿ, ಇಲ್ಲೇ ಬರ್ಲಿ. ತಳ್ಳು ಹೆಲೆದ್!"

ಎರಡು ಸಲ ತಳ್ಳಿದಳು. ಮೂರನೆಯ ಸಲಕ್ಕೆ ಜಾರಿಕೊಂಡು ಬಂತು ನೋಡಿ, ಕೆಂಪಗೆ, ಕಣ್ಣು ಮುಚ್ಚಿ, ಮುಷ್ಟಿ ಕಟ್ಟಿ. ಬಂದದ್ದೇ ಕಿರುಚಿತು. ಕಮಾನಿನ ಕಲ್ಲಿಗೆ ಬಡಿದು ಆ ಸದ್ದು ಎರಡಾಯಿತು. ಬುರುಜಿನ ಕಾಗೆಗಳೆಲ್ಲ ಒಮ್ಮೆಲೇ ಹಾರಿ ಗದ್ದಲವೆಬ್ಬಿಸಿದವು. ಬೀದಿಯ ಜನ ಹೋ ಎಂದು ಕೂಗಿದರು. ನಾನು ಅಳುತ್ತಿದ್ದೆ, ನಗುತ್ತಿದ್ದೆ, ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ.

ಗ್ವೆನ್‌ಲಿಯನ್ ಮಗುವನ್ನು ಒರೆಸಿ ತಾಯಿಯ ಎದೆಗೆ ಹಾಕಿ, "ಸ್ವಲ್ಪ ಗಾಳಿ ಆಡ್ಲಿ," ಎಂದು ಹಿಂದಿನ ಬಾಗಿಲು ತೆರೆಸಿದಳು. ನಾನು ಕೆಳಗಿಳಿದೆ. ಅಲ್ಲಿ ಎಮ್ರಿಸ್ ಕೈಯನ್ನು ಬೆನ್ನಿಗೆ ಕಟ್ಟಿಕೊಂಡು, ಕಮಾನನ್ನೂ ಗಾಡಿಯನ್ನೂ ನ್ಯಾಯಾಧೀಶನ ಹಾಗೆ ನೋಡುತ್ತಿದ್ದ.

"ಪಾಪ, ಸ್ವಲ್ಪದರಲ್ಲಿ ತಪ್ಪಿತು," ಎಂದ. "ಗಾಡಿ ಹೊರಗೆ ಹೊರಟಿತ್ತು. ಮೂತಿ ಆಚೆ ಇದೆ. ಹೊರಗಿನ ಲೆಕ್ಕವೇ."

ನನ್ನ ನೆತ್ತಿಗೆ ಬೆಂಕಿ ಹತ್ತಿತು. "ಯಾವ ಬಾಯಲ್ಲಿ ಹೇಳ್ತೀಯೋ ಎಮ್ರಿಸ್? ಮೂತಿ ಆಚೆ ಇದ್ರೆ ಮೂತಿ ಹೆತ್ತಿತಾ? ಅವಳ ತಲೆ ಮುಂದಕ್ಕಿದೆ, ಕಾಲು ಹಿಂದಕ್ಕಿದೆ. ಮಗು ತಾಯಿ ತಲೆ ಕಡೆಯಿಂದ ಬರತ್ತಾ, ಕಾಲಿನ ಕಡೆಯಿಂದ ಬರತ್ತಾ? ನಿಂಗೂ ಮೂರು ಮಕ್ಕಳಿವೆ, ಅಷ್ಟೂ ಗೊತ್ತಿಲ್ವಾ?"

ಜನ ಘೊಳ್ಳೆಂದರು. ಎಮ್ರಿಸ್ ಕಿವಿ ಕೆಂಪು ಮಾಡಿಕೊಂಡರೂ ಬಿಡಲಿಲ್ಲ. "ಕಮಾನಿನ ಕೆಳಗೆ ಅಂದ್ರೆ ಒಳಗೂ ಅಲ್ಲ, ಹೊರಗೂ ಅಲ್ಲ..."

"ಕಮಾನಿನ ಕೆಳಗಿರೋದು ತಾಯಿ ತಲೆ! ಈ ಹಿಂದಿನ ಚಕ್ರ ನೋಡು, ಎಲ್ಲಿದೆ? ನನ್ನ ಕಣ್ಣೆದುರಿಗೇ ಮಗು ಬಂದಿದ್ದು ಇಲ್ಲಿ, ಈ ಚಕ್ರದ ಮೇಲೆ! ನನ್ನ ಮೊಮ್ಮಗಳು ನಮ್ಮ ಗೋಡೆಯ ಒಳಗೆ ಹುಟ್ಟಿದಾಳೆ. ಅಲ್ಲ ಅನ್ನೋ ಗಂಡಸು ಮುಂದೆ ಬರ್ಲಿ, ನಾಳೆಯಿಂದ ಅವನಿಗೆ ಬ್ರೆಡ್ಡಿಲ್ಲ!"

"ನಮ್ಮ ಗೋಡೆ ಅಂದ್ಲು," ಎಂದ ಹಿಂದೆ ನಿಂತಿದ್ದ ಬೆಂಚಿನ ಇನ್ನೊಬ್ಬ ಮುದುಕ. "ಕೇಳಿಸ್ಕೊಂಡ್ರಾ? ಮಾರ್ಗೆಡ್ ನಮ್ಮ ಗೋಡೆ ಅಂದ್ಲು!"

ಅಂದಿದ್ದೆ. ನಲವತ್ತು ವರ್ಷ ಮೂಗು ಮುರಿದವಳು ರಸ್ತೆಯ ಮಧ್ಯೆ ಸೊಂಟಕ್ಕೆ ಕೈ ಕೊಟ್ಟು ಅಂದಿದ್ದೆ. ಬೇಕಾದ್ದು ಆಗಲಿ ಎಂದು ಟೆಗಿಡ್‌ನನ್ನು ಸಾಕ್ಷಿಗೆ ಕರೆಯಲು ತಿರುಗಿದೆ. ಅವನು ಗುಂಪಿನಲ್ಲಿರಲಿಲ್ಲ.

ಅವನು ಗಾಡಿಯ ಬದಿಯ ಇಕ್ಕಟ್ಟಿನಲ್ಲಿ ಗೋಡೆಗೆ ಮೈ ಉಜ್ಜಿಕೊಂಡು ನುಸುಳಿ ಬಂದು, ಹಿಂದಿನ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಏಪ್ರನ್ ತುಂಬ ಗೋಡೆಯ ಪಾಚಿ.

"ಅಪ್ಪಾ, ಒಳಗೇ ಹುಟ್ಟಿದ್ಲು," ಎಂದಳು ಹೆಲೆದ್. ಅವಳ ದನಿಯಲ್ಲಿ ಬಹುಮಾನ ತಂದ ಮಗುವಿನ ಆಸೆಯಿತ್ತು. "ಅಮ್ಮ ಹೇಳ್ತಿರೋದು ಕೇಳಿಸ್ತಾ? ಒಳಗೇ ಅಂತೆ."

"ನೀನು ಹೇಗಿದೀಯ?"

"ಕೋಟೆಕಾಗೆ ಅಪ್ಪ ಇವಳು. ನೋಡಿ."

"ಆಮೇಲೆ ನೋಡ್ತೀನಿ. ನಾನು ಕೇಳಿದ್ದು ನಿನ್ನ. ನೋವಿದ್ಯಾ? ಬಾಯಾರಿಕೆ ಆಗಿದ್ಯಾ?" ಅವನು ಟೋಪಿಯನ್ನು ಗಾಡಿಯ ಮೆಟ್ಟಿಲ ಮೇಲಿಟ್ಟ. "ಮುಂದೆ ಓಡ್ತಾ ಓಡ್ತಾ ನಂಗೆ ಒಂದೇ ಯೋಚನೆ ಇದ್ದಿದ್ದು ಹೆಲೆದ್. ನನ್ನ ಹುಡುಗಿ ಉಳ್ಕೊಂಡ್ರೆ ಸಾಕು ಅಂತ. ಎಲ್ಲಿ ಹುಟ್ಟಿದ್ರೇನು, ನೀನು ನನ್ನ ಹುಡುಗಿ. ಆ ಹಾಳು ಮಾತನ್ನ ಇಷ್ಟು ವರ್ಷ ಯಾಕೆ ಆಡ್ತಿದ್ನೋ."

ಅವಳು ಒಂದು ಕೈ ಚಾಚಿದಳು. ಅವನು ಗಾಡಿ ಹತ್ತಿ ಅವಳ ಕಾಲ ಬಳಿ ಕೂತು, ಕಂಬಳಿಯ ಮೇಲಿಂದಲೇ ಅವಳ ಪಾದ ಹಿಡಿದುಕೊಂಡ. ಮಗುವನ್ನು ಅವನು ನೋಡಿದ್ದು ಅದಾದ ಮೇಲೆಯೇ. ಬೀದಿಯಲ್ಲಿ ನಿಂತ ನನಗೆ ಕಣ್ಣು ತುಂಬಿ ಎಮ್ರಿಸ್ ಎರಡು ಎರಡಾಗಿ ಕಂಡ.

ಅಷ್ಟರಲ್ಲಿ ಯೋಲೊ ಮತ್ತು ನಾಲ್ಕು ಜೇನುಗಾರರು ಡಬ್ಬಿ ಗಾಡಿಯನ್ನು ಪಕ್ಕಕ್ಕೆ ನೂಕಿದರು. ತಾಯಿಯನ್ನೂ ಮಗುವನ್ನೂ ಡಾಕ್ಟರು ಒಮ್ಮೆ ನೋಡಿಬಿಡಲಿ ಎಂದು ಗ್ವೆನ್‌ಲಿಯನ್ ಗಾಡಿಯನ್ನು ಬ್ಯಾಂಗರಿಗೇ ಬಿಡಿಸಿದಳು. ಟೆಗಿಡ್ ಇಳಿಯಲಿಲ್ಲ. ನನಗೆ ಜಾಗವಿರಲಿಲ್ಲ, ಚಿಂತೆಯೂ ಇರಲಿಲ್ಲ. ಇಲ್ಲಿ ನನಗೆ ಕೆಲಸ ಬಾಕಿಯಿತ್ತು. ಸಂತೆಯ ಜೇನಿನ ಸೀಸೆಗಳು ಖಾಲಿಯಾಗುವವರೆಗೂ ಕಮಾನಿನ ಕೆಳಗೆ ಎಮ್ರಿಸ್‌ನ ಜೊತೆ ಜಗಳವಾಡಿದೆ. ಕೊನೆಗೆ ಅವನು ಕೈ ಎತ್ತಿ, "ಆಯ್ತು ತಾಯಿ, ಒಳಗೇ ಹುಟ್ಟಿದ್ದು," ಎಂದು ಎಲ್ಲರೆದುರು ಒಪ್ಪಿಕೊಂಡ.

ಮಗುವಿಗೆ ಈಗ ಹಲ್ಲು ಬರುತ್ತಿದೆ. ಟೆಗಿಡ್ ಅವಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಗೋಡೆಯ ಒಳಗೂ ಹೊರಗೂ ಬಂದರಿಗೂ ಕೋಟೆಗೂ ಸುತ್ತುತ್ತಾನೆ. ಯಾರಾದರೂ ಕೇಳಿದರೆ, "ನಮ್ಮ ಹೆಲೆದ್‌ಳ ಮಗಳು," ಎನ್ನುತ್ತಾನೆ, ಅಷ್ಟೇ. ಅವಳು ಎಲ್ಲಿ ಹುಟ್ಟಿದಳು, ಹಿಂದಿನ ಚಕ್ರ ಎಲ್ಲಿತ್ತು ಎಂಬುದನ್ನೆಲ್ಲ ಬ್ರೆಡ್ಡು ಕೊಳ್ಳಲು ಬಂದವರಿಗೆ ವಿವರಿಸುವ ಕೆಲಸ ಈಗ ನನ್ನದು. ಅಪರಿಚಿತರಾದರೆ ಕಮಾನಿನವರೆಗೆ ಕರೆದುಕೊಂಡು ಹೋಗಿಯೇ ತೋರಿಸುತ್ತೇನೆ.